1.5 ಟೆಸ್ಲಾ, 3 ಟೆಸ್ಲಾ, ಓಪನ್, ಕಾಂಟ್ರಾಸ್ಟ್: ಎಂಆರ್‌ಐ ಸರಿಯಾಗಿ ಬರಬೇಕಾದರೆ ಯಾವುದನ್ನು ಆರಿಸಬೇಕು?

ಡಾಕ್ಟರು ಚೀಟಿಯಲ್ಲಿ ಎಂಆರ್‌ಐ ಅಂತ ಬರೆದುಕೊಟ್ಟ ಮೇಲೆ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟಾಗುತ್ತೆ? 3 ಟೆಸ್ಲಾ ಮೆಷಿನ್ ಇದೆಯಾ? ಸೆಂಟರುಗಳ ಬೋರ್ಡಿನ ಮೇಲೂ ಅದೇ ದಪ್ಪಕ್ಷರದಲ್ಲಿ ಇರುತ್ತದೆ. ಟೆಸ್ಲಾ, ಅಂದರೆ ಆಯಸ್ಕಾಂತದ ಬಲ, ಜಾಸ್ತಿ ಇದ್ದರೆ ಚಿತ್ರ ಚೆನ್ನಾಗಿರುತ್ತದೆ, ಚಿತ್ರ ಚೆನ್ನಾಗಿದ್ದರೆ ರೋಗ ಸರಿಯಾಗಿ ಗೊತ್ತಾಗುತ್ತದೆ ಅನ್ನುವ ಲೆಕ್ಕ. ಇದು ಅರ್ಧ ಮಾತ್ರ ನಿಜ. ಮೈಗೆ ಯಾವ ಕಾಯಿಲ್ (ಸಿಗ್ನಲ್ ಹಿಡಿಯುವ ಸಾಧನ) ಕಟ್ಟಿದರು, ಯಾವ ಪ್ರೋಟೋಕಾಲ್ (ಯಾವ ಯಾವ ಬಗೆಯ ಚಿತ್ರ ಹೇಗೆ ತೆಗೆಯಬೇಕು ಅನ್ನುವ ಪಟ್ಟಿ) ಓಡಿಸಿದರು, ನೀವು ಅಲುಗಾಡದೆ ಮಲಗಲು ಆಯಿತಾ, ಕೊನೆಗೆ ಆ ಚಿತ್ರಗಳನ್ನು ಕೂತು ಓದಿದವರು ಯಾರು ಅನ್ನುವುದರ ಮೇಲೆ ಉಳಿದ ಅರ್ಧ ನಿಂತಿದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಸೊಂಟನೋವಿನ 63 ವರ್ಷದ ಒಬ್ಬ ಹೆಂಗಸನ್ನು ಮೂರು ವಾರದೊಳಗೆ ಹತ್ತು ಬೇರೆ ಬೇರೆ ಸೆಂಟರುಗಳಿಗೆ ಕಳಿಸಿ ಸೊಂಟದ ಎಂಆರ್‌ಐ ಮಾಡಿಸಿದರು. ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬೆನ್ನು ಅದೇ, ನೋವು ಅದೇ. ಹತ್ತು ರಿಪೋರ್ಟು ಸೇರಿ 49 ಬೇರೆ ಬೇರೆ ತೊಂದರೆಗಳನ್ನು ಪಟ್ಟಿ ಮಾಡಿದ್ದವು. ಹತ್ತರಲ್ಲೂ ಇದ್ದ ತೊಂದರೆ ಒಂದೂ ಇರಲಿಲ್ಲ. ಒಂಬತ್ತು ರಿಪೋರ್ಟಿನಲ್ಲಿ ಕಂಡದ್ದು ಒಂದೇ ಒಂದು. ಸುಮಾರು ಮೂರರಲ್ಲಿ ಒಂದು ಭಾಗದಷ್ಟು ತೊಂದರೆಗಳು ಯಾವುದಾದರೂ ಒಂದೇ ರಿಪೋರ್ಟಿನಲ್ಲಿ ಕಂಡು, ಉಳಿದ ಒಂಬತ್ತರಲ್ಲಿ ಇರಲೇ ಇಲ್ಲ. ಆದ್ದರಿಂದ ಸೆಂಟರ್ ಆರಿಸುವಾಗ ಟೆಸ್ಲಾ ಒಂದನ್ನೇ ನೋಡಿದರೆ ಸಾಲದು.

ಸ್ಕ್ಯಾನ್ ರೂಮಿನಲ್ಲಿ ಕೆಲಸ ಮಾಡುವ ನನ್ನ ಸಲಹೆ ಇದು. ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ಈ ಸ್ಕ್ಯಾನಿನಿಂದ ನಿಮಗೆ ಏನು ಗೊತ್ತಾಗಬೇಕು? ಲಿಗಮೆಂಟ್ ಹರಿದಿದೆಯಾ ಅಂತಲಾ, ಫಿಟ್ಸ್ ಎಲ್ಲಿಂದ ಬರುತ್ತಿದೆ ಅಂತಲಾ, ಗೆಡ್ಡೆ ದೊಡ್ಡದಾಗಿದೆಯಾ ಅಂತಲಾ? ಆ ಉತ್ತರ ಸಿಕ್ಕಿದರೆ ಮುಂದಿನ ಆಯ್ಕೆಗಳೆಲ್ಲ ಸುಲಭ.

1.5 ಟೆಸ್ಲಾ ಮತ್ತು 3 ಟೆಸ್ಲಾ

ಟೆಸ್ಲಾ ಅಂದರೆ ಒಳಗಿರುವ ಆಯಸ್ಕಾಂತದ ಬಲದ ಅಳತೆ. 1.5ರಿಂದ 3ಕ್ಕೆ ಹೋದರೆ ದೇಹದಿಂದ ಬರುವ ಸಿಗ್ನಲ್, ನಾಯ್ಸ್‌ಗೆ (ಚಿತ್ರ ಕಲಕುವ ಗದ್ದಲಕ್ಕೆ) ಹೋಲಿಸಿದರೆ, ಲೆಕ್ಕದ ಪ್ರಕಾರ ಸುಮಾರು ಎರಡು ಪಟ್ಟಾಗುತ್ತದೆ. ವಾಸ್ತವದಲ್ಲಿ ಸ್ವಲ್ಪ ಕಡಿಮೆ. 1.5ರಲ್ಲೇ ಅಷ್ಟು ಸಿಗ್ನಲ್ ಬೇಕೆಂದರೆ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಕೂಡಿಸಬೇಕು, ಆದರೆ ಸಮಯ ಎರಡು ಪಟ್ಟಾದರೆ ಚಿತ್ರದ ಗುಣಮಟ್ಟ ಏರುವುದು 1.4 ಪಟ್ಟು ಮಾತ್ರ, ಎರಡು ಪಟ್ಟು ಬೇಕೆಂದರೆ ನಾಲ್ಕು ಪಟ್ಟು ಸಮಯ ಕೊಡಬೇಕು. ನಾಲ್ಕು ನಿಮಿಷದ ಸೀಕ್ವೆನ್ಸ್ (ಒಂದು ಬಗೆಯ ಚಿತ್ರಗಳನ್ನು ತೆಗೆಯುವ ಒಂದು ಸುತ್ತು) ಹದಿನಾರು ನಿಮಿಷ ಆಗುತ್ತದೆ. ನೋವಿರುವವರು ಅಷ್ಟು ಹೊತ್ತು ಅಲುಗಾಡದೆ ಮಲಗುವುದು ಆಗದ ಮಾತು. 3 ಟೆಸ್ಲಾದ ನಿಜವಾದ ಲಾಭ ಇದೇ. ಸಿಕ್ಕ ಹೆಚ್ಚುವರಿ ಸಿಗ್ನಲನ್ನು ಸಣ್ಣ ವಿವರ ತೋರಿಸಲು ಬಳಸಬಹುದು, ಇಲ್ಲವೇ ಸ್ಕ್ಯಾನ್ ಬೇಗ ಮುಗಿಸಲು ಬಳಸಬಹುದು. ಎರಡರಲ್ಲಿ ಯಾವುದಕ್ಕೆ ಬಳಸುತ್ತಾರೆ ಅನ್ನುವುದು ಸೆಂಟರಿನ ಕೈಯಲ್ಲಿದೆ. ದಿನಕ್ಕೆ ಜಾಸ್ತಿ ಜನರನ್ನು ನೋಡಬೇಕು ಅಂತ ಎಲ್ಲವನ್ನೂ ವೇಗಕ್ಕೇ ಬಳಸಿದರೆ ನಿಮಗೆ 3 ಟೆಸ್ಲಾದ ಬಿಲ್ ಬರುತ್ತದೆ, 3 ಟೆಸ್ಲಾದ ವಿವರ ಬರುವುದಿಲ್ಲ.

3 ಟೆಸ್ಲಾ ನಿಜಕ್ಕೂ ಮೇಲುಗೈ ಆಗುವ ಜಾಗಗಳಿವೆ. ಔಷಧಿಗೆ ಬಗ್ಗದ ಫಿಟ್ಸ್, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಣ್ಣ ಗಂಟು, ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ), ಪ್ರಾಸ್ಟೇಟ್, ಮಣಿಕಟ್ಟಿನಂಥ ಸಣ್ಣ ಕೀಲು, ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಚಿತ್ರ ಎದ್ದು ಕಾಣಿಸುವ ಔಷಧಿ) ಕೊಡದೆ ನೋಡುವ ಮೆದುಳಿನ ರಕ್ತನಾಳ. ಇವುಗಳಿಗೆ ಹತ್ತಿರದಲ್ಲಿ ಒಳ್ಳೆಯ 3 ಟೆಸ್ಲಾ ಸಿಗುವುದಾದರೆ ಅಲ್ಲಿಗೇ ಹೋಗಿ. ಪ್ರಾಸ್ಟೇಟಿನ ವಿಷಯದಲ್ಲಿ ಪೈರಾಡ್ಸ್ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯೇ 3 ಟೆಸ್ಲಾಗೆ ಆದ್ಯತೆ ಕೊಡುತ್ತದೆ, ಆದರೂ ಸರಿಯಾಗಿ ಮಾಡಿದ 1.5 ಟೆಸ್ಲಾ ಸ್ಕ್ಯಾನನ್ನು ಒಪ್ಪುತ್ತದೆ.

ಇನ್ನು 1.5 ಗೆಲ್ಲುವ ಜಾಗಗಳು. ಇದರ ಬಗ್ಗೆ ಯಾರೂ ಜಾಹೀರಾತು ಹಾಕುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಲೋಹ. ಮಂಡಿ ಬದಲಿಸಿದ್ದರೆ, ಬೆನ್ನಿಗೆ ಸ್ಕ್ರೂ ಹಾಕಿದ್ದರೆ, ಮುರಿದ ಮೂಳೆಗೆ ರಾಡ್ ಇದ್ದರೆ, ಆ ಲೋಹದ ಸುತ್ತ ಚಿತ್ರ ತಿರುಚಿಕೊಂಡು ಕಪ್ಪು ಕಲೆ ಬೀಳುತ್ತದೆ. 3 ಟೆಸ್ಲಾದಲ್ಲಿ ಆ ಕಲೆ ಇನ್ನೂ ದೊಡ್ಡದು. ಟೈಟೇನಿಯಂ ಆದರೆ ಪರವಾಗಿಲ್ಲ ಅನ್ನಬಹುದು, ಸ್ಟೀಲ್ ಆದರೆ ಕಷ್ಟ. ಇಂಥವರು 1.5ನ್ನೇ ಕೇಳಿ, ಜೊತೆಗೆ ಲೋಹದ ಕಲೆ ತಗ್ಗಿಸುವ ಸೀಕ್ವೆನ್ಸ್ ಇದೆಯಾ ಅಂತಲೂ ಕೇಳಿ. ಸೀಮ್ಯಾಕ್, ಮ್ಯಾವ್ರಿಕ್ ಅನ್ನುವ ಹೆಸರಿನಲ್ಲಿ ಅವು ಇರುತ್ತವೆ. ಪೇಸ್‌ಮೇಕರ್ ಇರುವವರ ಕಥೆ ಬೇರೆ. ಅಲ್ಲಿ ಚಿತ್ರಕ್ಕಿಂತ ಜೀವ ಮುಖ್ಯ. ಇಂಪ್ಲಾಂಟ್ ಕಾರ್ಡಿನಲ್ಲಿ ಅದರ ಮಾದರಿ ಬರೆದಿರುತ್ತದೆ, ಎಂಆರ್‌ಐಗೆ ಒಪ್ಪಿಗೆ ಇದೆಯಾ, ಎಷ್ಟು ಟೆಸ್ಲಾಗೆ ಅಂತ ಅದರಿಂದ ತಿಳಿಯುತ್ತದೆ. ಆ ಕಾರ್ಡಿಲ್ಲದೆ ಸೆಂಟರಿಗೆ ಹೋಗಲೇಬೇಡಿ.

ಎರಡನೆಯದು ಹೊಟ್ಟೆ. 3 ಟೆಸ್ಲಾ ಮೆಷಿನ್ ಸುಮಾರು 128 ಮೆಗಾಹರ್ಟ್ಸ್ ರೇಡಿಯೋ ಅಲೆಗಳನ್ನು ದೇಹಕ್ಕೆ ಬಿಡುತ್ತದೆ. 1.5ರಲ್ಲಿ ಅದು ಸುಮಾರು 64. ಅಲೆಯ ಆವರ್ತನ ಹೆಚ್ಚಾದಷ್ಟೂ ಉದ್ದ ಕಡಿಮೆ. 3 ಟೆಸ್ಲಾದಲ್ಲಿ ದೇಹದೊಳಗೆ ಆ ಉದ್ದ ಸುಮಾರು 26 ಸೆಂಟಿಮೀಟರಿಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಹೊಟ್ಟೆಯ ಅಗಲದಷ್ಟೇ. ಹಾಗಾಗಿ ಅಲೆಗಳು ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಕೊಂಡು, ಲಿವರಿನ ಮಧ್ಯೆ ಕಪ್ಪು ನೆರಳು ಬೀಳುತ್ತದೆ. ದಪ್ಪ ಮೈಯವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದು ಜಾಸ್ತಿ. ಹೊಸ ಮೆಷಿನ್‌ಗಳಲ್ಲಿ ಎರಡು ಕಡೆಯಿಂದ ಅಲೆ ಬಿಟ್ಟು ಇದನ್ನು ಸರಿಮಾಡುವ ವ್ಯವಸ್ಥೆ ಇದೆ, ಆದರೆ ಹಳೆಯ 3 ಟೆಸ್ಲಾಗಿಂತ ಒಳ್ಳೆಯ 1.5 ಟೆಸ್ಲಾ ಇಂಥ ಹೊಟ್ಟೆಗೆ ನೂರು ಪಾಲು ವಾಸಿ. ರೇಡಿಯೋ ಅಲೆಯಿಂದ ಮೈಗೆ ಸೇರುವ ಶಾಖವೂ 3ರಲ್ಲಿ ಸುಮಾರು ನಾಲ್ಕು ಪಟ್ಟು. ಮೆಷಿನ್ ಅದನ್ನು ಮಿತಿಯಲ್ಲೇ ಇಡುತ್ತದೆ, ಆದರೆ ಮಿತಿ ಮುಟ್ಟಿದಾಗ ಸೀಕ್ವೆನ್ಸಿನಲ್ಲಿ ಏನಾದರೂ ಬಿಟ್ಟುಕೊಡಬೇಕಾಗುತ್ತದೆ.

ಗರ್ಭದಲ್ಲಿರುವ ಮಗುವಿನ ಎಂಆರ್‌ಐಗೂ ಬಹಳ ಕಡೆ 1.5ನ್ನೇ ಆರಿಸುತ್ತಾರೆ. ಸಾಮಾನ್ಯ ಸೊಂಟನೋವು, ಕತ್ತುನೋವು, ಮಂಡಿಯ ದೊಡ್ಡ ಲಿಗಮೆಂಟುಗಳಿಗೆ ಎರಡೂ ಸಾಕು. ಇವಕ್ಕಾಗಿ ದೂರದೂರಿಗೆ ಬಸ್ಸು ಹತ್ತಿ 3 ಟೆಸ್ಲಾ ಹುಡುಕಿಕೊಂಡು ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. 7 ಟೆಸ್ಲಾ ಅಂತಲೂ ಇದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ರೋಗಿಗಳಿಗೆ ಬಳಸಲು ಒಪ್ಪಿದ್ದು ತಲೆ ಮತ್ತು ಕೈಕಾಲುಗಳಿಗೆ ಮಾತ್ರ. ಮಾಮೂಲಿ ಕಾಯಿಲೆಗೆ ಅದರ ಯೋಚನೆ ಬೇಡ.

1.5 ಅಂದರೆ ಹಳೇ ತಂತ್ರಜ್ಞಾನ ಅನ್ನುವ ಭಾವನೆಯೂ ತಪ್ಪು. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ನಮ್ಮ ದೇಶದಲ್ಲೇ ಕಟ್ಟಿ 2023ರಲ್ಲಿ ಹೊರತಂದ ಮೆಷಿನ್ ಕೂಡ 1.5 ಟೆಸ್ಲಾದ್ದೇ. ಇಂಥ ಮೆಷಿನ್‌ಗಳು ಜಿಲ್ಲಾ ಕೇಂದ್ರಗಳಿಗೆ ಬಂದರೆ ಅದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ.

ಟೆಸ್ಲಾಗಿಂತ ಮೊದಲು ಕೇಳಬೇಕಾದ್ದು: ಕಾಯಿಲ್

ಸಿಗ್ನಲ್ ಹಿಡಿಯುವುದು ಆ ದೊಡ್ಡ ಸುರಂಗವಲ್ಲ, ಮೈಮೇಲೆ ಇಡುವ ಕಾಯಿಲ್. ಅದು ನೋಡಬೇಕಾದ ಜಾಗಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಮಂಡಿಗೆ ಮಂಡಿಯದೇ ಕಾಯಿಲ್ ಇದೆ, ಮಣಿಕಟ್ಟಿಗೆ ಬೇರೆ, ಭುಜಕ್ಕೆ ಬೇರೆ, ಸ್ತನಕ್ಕೆ ಬೋರಲು ಮಲಗುವ ಬೇರೆಯೇ ಕಾಯಿಲ್. ಇವೆಲ್ಲ ದುಬಾರಿ, ಹಾಗಾಗಿ ಎಲ್ಲಾ ಸೆಂಟರಿನಲ್ಲೂ ಎಲ್ಲವೂ ಇರುವುದಿಲ್ಲ. ಇಲ್ಲದಿದ್ದರೆ ಹೊಟ್ಟೆಗೆ ಹೊದಿಸುವ ದೊಡ್ಡ ಕಾಯಿಲನ್ನೇ ಮಣಿಕಟ್ಟಿಗೆ ಸುತ್ತಿ ಕೆಲಸ ಮುಗಿಸುವುದೂ ಉಂಟು. ಮಣಿಕಟ್ಟಿನ ಕಾಯಿಲ್ ಇರುವ 1.5 ಟೆಸ್ಲಾ ಮತ್ತು ಅದಿಲ್ಲದ 3 ಟೆಸ್ಲಾ ಎರಡೂ ಎದುರಿಗಿದ್ದರೆ ನಾನು ಯೋಚನೆ ಮಾಡದೆ 1.5ಕ್ಕೆ ಕಳಿಸುತ್ತೇನೆ.

ಫೋನಿನಲ್ಲೇ ಕೇಳಬಹುದು: "ಮಣಿಕಟ್ಟಿಗೆ ಬೇರೆ ಕಾಯಿಲ್ ಇದೆಯಾ? ಎಷ್ಟು ಚಾನೆಲ್?" ಚಾನೆಲ್ ಅಂದರೆ ಕಾಯಿಲಿನೊಳಗೆ ಸಿಗ್ನಲ್ ಹಿಡಿಯುವ ದಾರಿಗಳ ಲೆಕ್ಕ. ರಿಸೆಪ್ಷನ್‌ನಲ್ಲಿ ಇರುವವರಿಗೆ ಗೊತ್ತಿಲ್ಲದಿದ್ದರೆ ಟೆಕ್ನಿಷಿಯನ್‌ಗೆ ಫೋನ್ ಕೊಡಿ ಅನ್ನಿ. ಯಾವ ಟೆಕ್ನಿಷಿಯನ್ನೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇಷ್ಟು ತಿಳಿದುಕೊಂಡು ಬರುವವರನ್ನು ಕಂಡರೆ ಖುಷಿಯೇ ಆಗುತ್ತದೆ.

ಮೆಷಿನ್ ಸರಿಯಾಗಿ ಅಳೆಯುತ್ತಿದೆಯಾ ಅಂತ ನೋಡಲು ಫ್ಯಾಂಟಮ್ ಅನ್ನುವ, ದ್ರವ ತುಂಬಿದ ಡಬ್ಬಿಯನ್ನು ಆಗಾಗ ಸ್ಕ್ಯಾನ್ ಮಾಡುತ್ತಾರೆ. ಅದರ ಅಗಲ ಚಿತ್ರದಲ್ಲಿ ಸರಿಯಾಗಿ ಬಂತಾ, ಸ್ಲೈಸಿನ (ಚಿತ್ರ ತೆಗೆಯುವ ಒಂದೊಂದು ಪದರದ) ದಪ್ಪ ಹೇಳಿದಷ್ಟೇ ಇದೆಯಾ ಅಂತೆಲ್ಲ ಅಳೆಯುತ್ತಾರೆ. ನಮ್ಮಲ್ಲಿ ಇಮೇಜಿಂಗ್ ಸೆಂಟರುಗಳಿಗೆ, ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್ ಕೊಡುವ ಮಾನ್ಯತೆ ಇದೆ. ಮಾನ್ಯತೆ ಇದ್ದರೆ ಎಲ್ಲವೂ ಸರಿ ಅಂತಲ್ಲ, ಆದರೆ ಉಳಿದದ್ದೆಲ್ಲ ಸಮ ಇರುವ ಎರಡು ಸೆಂಟರುಗಳ ನಡುವೆ ಆರಿಸಬೇಕಾದರೆ ಮಾನ್ಯತೆ ಇರುವ ಕಡೆ ಹೋಗುವುದು ಜಾಣತನ.

ಮುಚ್ಚಿದ ಸುರಂಗ, ಅಗಲದ ಸುರಂಗ, ಓಪನ್

ಸುರಂಗದೊಳಗೆ ಹೋಗಲು ಹೆದರಿಕೆ ಆಗುವುದು ಬಹಳ ಜನರಿಗೆ ಇದೆ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಹೆದರಿಕೆ ಇದೆ ಅಂದ ತಕ್ಷಣ ಓಪನ್ ಎಂಆರ್‌ಐಗೆ ಓಡಬೇಡಿ. ಮೇಲೊಂದು ಕೆಳಗೊಂದು ಆಯಸ್ಕಾಂತ ಇಟ್ಟ ಓಪನ್ ಮೆಷಿನ್‌ಗಳಲ್ಲಿ ಬಹುಪಾಲು 0.2ರಿಂದ 0.4 ಟೆಸ್ಲಾದವು. ಸಿಗ್ನಲ್ ಬಹಳ ಕಡಿಮೆ. ಆದ್ದರಿಂದ ಸ್ಲೈಸ್ ದಪ್ಪ ಮಾಡಬೇಕು ಇಲ್ಲವೇ ಹೊತ್ತು ಹೆಚ್ಚಿಸಬೇಕು. ಕೊಬ್ಬಿನ ಬಿಳುಪನ್ನು ಅಡಗಿಸುವ ಮಾಮೂಲಿ ವಿಧಾನ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಸ್ಟಿರ್ ಅನ್ನುವ ಬೇರೆ ವಿಧಾನವನ್ನೇ ನಂಬಬೇಕು. ದೊಡ್ಡ ಡಿಸ್ಕ್ ಜಾರಿದ್ದು, ಮೂಳೆ ಮುರಿದದ್ದು, ಲಿಗಮೆಂಟ್ ಪೂರ್ತಿ ಹರಿದದ್ದು ಇದರಲ್ಲೂ ಕಾಣುತ್ತದೆ. ಸಣ್ಣ ಕಾರ್ಟಿಲೇಜ್ ಗಾಯ, ಮೆದುಳಿನ ಸಣ್ಣ ಕಲೆ ತಪ್ಪಿಹೋಗುವ ಸಾಧ್ಯತೆ ಜಾಸ್ತಿ.

ನಡುದಾರಿಯೊಂದಿದೆ. 70 ಸೆಂಟಿಮೀಟರ್ ಅಗಲದ ಸುರಂಗ ಇರುವ 1.5 ಅಥವಾ 3 ಟೆಸ್ಲಾ ಮೆಷಿನ್. ಹಳೆಯವು 60 ಸೆಂಟಿಮೀಟರ್. ಹತ್ತೇ ಸೆಂಟಿಮೀಟರ್ ಅಲ್ವಾ ಅನ್ನಿಸಬಹುದು, ಮಲಗಿದವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಮಂಡಿ, ಪಾದದ ಸ್ಕ್ಯಾನಿಗೆ ಕಾಲು ಮುಂದಾಗಿ ಹೋದರೆ ತಲೆ ಹೊರಗೇ ಇರುತ್ತದೆ. ಇದನ್ನು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಅದೂ ಆಗದಿದ್ದರೆ ಡಾಕ್ಟರ ಸಲಹೆಯಂತೆ ಮಂಪರು ಬರುವ ಔಷಧಿ ತೆಗೆದುಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಇದೆಲ್ಲ ಮಾಡಿಯೂ ಆಗಲಿಲ್ಲ ಅಂದರೆ ಓಪನ್. ಒಳ್ಳೆಯ ಮೆಷಿನ್‌ನಲ್ಲಿ ಅರ್ಧಕ್ಕೇ ನಿಲ್ಲಿಸಿದ ಸ್ಕ್ಯಾನಿಗಿಂತ ಓಪನ್‌ನಲ್ಲಿ ಪೂರ್ತಿ ಮುಗಿದ ಸ್ಕ್ಯಾನ್ ಮೇಲು.

ನಿಂತು ಅಥವಾ ಕೂತು ಮಾಡಿಸುವ ಎಂಆರ್‌ಐ ಕೂಡ ಇದೆ, ಅದೂ ಕಡಿಮೆ ಟೆಸ್ಲಾದ್ದೇ. ಮಲಗಿದಾಗ ಇಲ್ಲದ, ನಿಂತಾಗ ಮಾತ್ರ ಬರುವ ನೋವಿಗೆ ಬೆನ್ನಿನ ಡಾಕ್ಟರೇ ಕೇಳಿದರೆ ಮಾತ್ರ ಮಾಡಿಸಿ.

ಕಾಂಟ್ರಾಸ್ಟ್ ಬೇಕಾ, ಬೇಡವಾ

"ಕಾಂಟ್ರಾಸ್ಟ್ ಹಾಕಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತೆ, ಹಾಕಿಸಿಬಿಡೋಣ" ಅನ್ನುವವರೂ ಇದ್ದಾರೆ, "ಅದು ವಿಷ, ಬೇಡವೇ ಬೇಡ" ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಗೆಡ್ಡೆ, ಸೋಂಕು, ಆಪರೇಷನ್ ಆದ ಬೆನ್ನಿನಲ್ಲಿ ಮತ್ತೆ ಡಿಸ್ಕ್ ಜಾರಿದೆಯಾ ಅಥವಾ ಹಳೆಯ ಗಾಯದ ಗುರುತಾ ಅನ್ನುವ ಪ್ರಶ್ನೆ, ಸ್ತನದ ಕ್ಯಾನ್ಸರ್, ಪಿಟ್ಯುಟರಿಯ ಸಣ್ಣ ಗಂಟು ಇವಕ್ಕೆ ಕಾಂಟ್ರಾಸ್ಟ್ ಬೇಕು. ಅದಿಲ್ಲದೆ ಮಾಡಿಸಿದರೆ ಮತ್ತೆ ಹೋಗಬೇಕಾಗುತ್ತದೆ. ಮಾಮೂಲಿ ಸೊಂಟನೋವು, ಮಂಡಿಯ ಲಿಗಮೆಂಟ್, ಪಿತ್ತನಾಳ ನೋಡುವ ಎಂಆರ್‌ಸಿಪಿ, ಸ್ತನದ ಸಿಲಿಕೋನ್ ಇಂಪ್ಲಾಂಟ್ ಒಡೆದಿದೆಯಾ ಅನ್ನುವುದು ಇವಕ್ಕೆ ಬೇಡ. ಆಗತಾನೇ ಆದ ಪಾರ್ಶ್ವವಾಯುವನ್ನು ಹಿಡಿಯುವುದು ಡಿಫ್ಯೂಷನ್ ಅನ್ನುವ ಸೀಕ್ವೆನ್ಸ್, ಅದಕ್ಕೂ ಕಾಂಟ್ರಾಸ್ಟ್ ಬೇಡ.

ಇಲ್ಲಿ ಕೊಡುವ ಕಾಂಟ್ರಾಸ್ಟ್ ಗ್ಯಾಡೋಲಿನಿಯಂ ಅನ್ನುವ ಲೋಹ ಸೇರಿದ ಔಷಧಿ. ಸಿಟಿ ಸ್ಕ್ಯಾನಿನ ಅಯೋಡಿನ್ ಅಲ್ಲ. ಅಯೋಡಿನ್ ಕಾಂಟ್ರಾಸ್ಟಿನ ಅಲರ್ಜಿ ಇದ್ದವರು ಇದನ್ನೂ ಹೆದರಿ ಬಿಡಬೇಕಿಲ್ಲ, ಆದರೆ ಹಿಂದೆ ಅಲರ್ಜಿ ಆಗಿದ್ದನ್ನು ಹೇಳಲೇಬೇಕು. ಕಿಡ್ನಿ ತೀರಾ ಕೆಟ್ಟವರಲ್ಲಿ ಗ್ಯಾಡೋಲಿನಿಯಂನಿಂದ ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ ಬರುತ್ತದೆ ಅಂತ 2006ರಲ್ಲಿ ಬೆಳಕಿಗೆ ಬಂತು. ಅದಾದ ಮೇಲೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುವುದು ರೂಢಿಯಾಯಿತು. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 30ಕ್ಕಿಂತ ಕಡಿಮೆ ಇದ್ದವರಿಗೆ ಯೋಚಿಸಿ ಕೊಡುತ್ತಾರೆ. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಲೀನಿಯರ್ ಅನ್ನುವ ಹಳೆಯ ಬಗೆಯ ಹಲವು ಗ್ಯಾಡೋಲಿನಿಯಂ ಔಷಧಿಗಳ ಬಳಕೆ ನಿಲ್ಲಿಸಲು ಹೇಳಿತು. ಗ್ಯಾಡೋಲಿನಿಯಂ ಅಣುವನ್ನು ಗಟ್ಟಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಬಗೆ ಹೆಚ್ಚು ಸುರಕ್ಷಿತ. ಗ್ಯಾಡೋಬ್ಯೂಟ್ರಾಲ್, ಗ್ಯಾಡೋಟೆರೇಟ್ ಆ ಬಗೆಯವು. "ಮ್ಯಾಕ್ರೋಸೈಕ್ಲಿಕ್ ಕೊಡ್ತೀರಾ?" ಅಂತ ಕೇಳುವುದು ನಿಮ್ಮ ಹಕ್ಕು. ಲಿವರಿನ ಗಂಟಿಗೆ ಮಾತ್ರ ಗ್ಯಾಡಾಕ್ಸಿಟೇಟ್ ಅನ್ನುವ ಬೇರೆ ಔಷಧಿ ಇದೆ. ಅದು ಲಿವರಿನ ಕೋಶಗಳೊಳಗೆ ಹೋಗುತ್ತದೆ, ಸುಮಾರು ಇಪ್ಪತ್ತು ನಿಮಿಷ ಕಾದು ಮತ್ತೆ ಚಿತ್ರ ತೆಗೆಯಬೇಕು. ಆ ಕಾಯುವಿಕೆಯನ್ನು ಮೊಟಕು ಮಾಡಿದರೆ ಆ ದುಬಾರಿ ಔಷಧಿಯ ಪೂರ್ತಿ ಲಾಭ ಸಿಗದೆ ಹೋಗಬಹುದು.

ಮಾಮೂಲಿ ಸ್ಕ್ಯಾನ್, ಪ್ರಶ್ನೆಗೆ ತಕ್ಕ ಸ್ಕ್ಯಾನ್

ನನ್ನ ಪ್ರಕಾರ ನಿಖರತೆ ಅತಿ ಹೆಚ್ಚು ಸೋರಿಹೋಗುವುದು ಇಲ್ಲಿ. ಬೋರ್ಡಿನಲ್ಲಿ ಎರಡಕ್ಕೂ "ಎಂಆರ್‌ಐ ಬ್ರೈನ್" ಅಂತಲೇ ಇರುತ್ತದೆ, ಆದರೆ ಒಳಗೆ ಓಡುವುದು ಬೇರೆ ಬೇರೆ.

ಫಿಟ್ಸ್ ಇರುವ ಮಗುವಿನ ಉದಾಹರಣೆ ನೋಡಿ. ಮಾಮೂಲಿ ಬ್ರೈನ್ ಸ್ಕ್ಯಾನಿನಲ್ಲಿ ಸ್ಲೈಸ್ 5 ಮಿಲಿಮೀಟರ್ ದಪ್ಪ, ಎರಡು ಸ್ಲೈಸಿನ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಸೌತೆಕಾಯಿಯನ್ನು ದಪ್ಪ ದಪ್ಪ ಬಿಲ್ಲೆ ಮಾಡಿದರೆ ಒಳಗಿನ ಹುಳದ ಸಣ್ಣ ತೂತು ಬಿಲ್ಲೆಯ ಒಳಗೇ ಉಳಿದುಹೋಗುವಂತೆ, ಮೆದುಳಿನ ಪದರದಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ದೋಷ ಆ ಸ್ಲೈಸಿನಲ್ಲಿ ಕರಗಿಹೋಗುತ್ತದೆ. ರಿಪೋರ್ಟ್ "ನಾರ್ಮಲ್" ಅಂತ ಬರುತ್ತದೆ. ಮಗುವಿಗೆ ಫಿಟ್ಸ್ ಮಾತ್ರ ನಿಲ್ಲುವುದಿಲ್ಲ. ಇದಕ್ಕೆಂದೇ ಅಂತರರಾಷ್ಟ್ರೀಯ ಅಪಸ್ಮಾರ ಒಕ್ಕೂಟದ ತಜ್ಞರು 2019ರಲ್ಲಿ ಹಾರ್ನೆಸ್ ಅನ್ನುವ ಪ್ರೋಟೋಕಾಲನ್ನು ಮುಂದಿಟ್ಟರು. ಅದರಲ್ಲಿರುವುದು ಮೂರು ಮುಖ್ಯ ಸೀಕ್ವೆನ್ಸ್. ಟಿ1 ಮತ್ತು ಫ್ಲೇರ್ ಅನ್ನುವ ಎರಡು ಬಗೆ, ಎರಡೂ ನಡುವೆ ಜಾಗ ಬಿಡದೆ 1 ಮಿಲಿಮೀಟರ್ ದಪ್ಪದ 3ಡಿ. ಮೂರನೆಯದು, ಮೆದುಳಿನೊಳಗಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ಉದ್ದಕ್ಕೆ ನೇರ ಅಡ್ಡವಾಗಿ ಕತ್ತರಿಸಿದಂತೆ ತೆಗೆಯುವ, ಟಿ2 ಅನ್ನುವ ಬಗೆಯ ಸೂಕ್ಷ್ಮ ಚಿತ್ರ. ಇದು 1.5ರಲ್ಲೂ ಆಗುತ್ತದೆ, 3ರಲ್ಲಿ ಇನ್ನೂ ಚೆನ್ನ. ಚೀಟಿಯಲ್ಲಿ "ಎಪಿಲೆಪ್ಸಿ ಪ್ರೋಟೋಕಾಲ್" ಅಂತ ಡಾಕ್ಟರಿಂದಲೇ ಬರೆಸಿಕೊಳ್ಳಿ. ನಮ್ಮ ದೇಶದಲ್ಲಿ ಫಿಟ್ಸಿಗೆ ಇನ್ನೊಂದು ದೊಡ್ಡ ಕಾರಣ ಮೆದುಳು ಸೇರಿದ ಲಾಡಿಹುಳದ ಮರಿ. ಅದು ಸತ್ತು ಸುಣ್ಣಗಟ್ಟಿದ ಚುಕ್ಕೆ ಮಾಮೂಲಿ ಎಂಆರ್‌ಐ ಚಿತ್ರಗಳಲ್ಲಿ ಕಣ್ಣುತಪ್ಪಬಹುದು, ಎಸ್‌ಡಬ್ಲ್ಯುಐ ಅನ್ನುವ ಸೀಕ್ವೆನ್ಸಿನಲ್ಲೋ ಸಾದಾ ಸಿಟಿಯಲ್ಲೋ ಎದ್ದು ಕಾಣುತ್ತದೆ. ಕಷ್ಟದ ಫಿಟ್ಸ್ ಆದರೆ ನಿಮ್ಹಾನ್ಸ್‌ನಂಥ ಕಡೆ, ಇಂಥ ಚಿತ್ರಗಳನ್ನು ದಿನವೂ ನೋಡುವವರ ಹತ್ತಿರ ಹೋಗುವುದು ಒಳ್ಳೆಯದು.

ಇನ್ನೊಂದು, "ಹೋಲ್ ಸ್ಪೈನ್ ಸ್ಕ್ರೀನಿಂಗ್". ಸೊಂಟದ ಎಂಆರ್‌ಐ ಜೊತೆಗೆ ಪೂರ್ತಿ ಬೆನ್ನು ಸ್ಕ್ರೀನಿಂಗ್ ಫ್ರೀ ಅಥವಾ ಸ್ವಲ್ಪ ದುಡ್ಡಿಗೆ ಅಂತ ಬಹಳ ಕಡೆ ಕೊಡುತ್ತಾರೆ. ಜನ ಪೂರ್ತಿ ಬೆನ್ನಿನ ಎಂಆರ್‌ಐ ಆಯಿತು ಅಂದುಕೊಳ್ಳುತ್ತಾರೆ. ಆಗಿರುವುದಿಲ್ಲ. ಸಾಮಾನ್ಯವಾಗಿ ಅದು ಪಕ್ಕದಿಂದ ನೋಡುವ ಒಂದೇ ಸೀಕ್ವೆನ್ಸ್. ದೊಡ್ಡದೇನಾದರೂ ಇದ್ದರೆ ಕಾಣುತ್ತದೆ, ಕತ್ತಿನಲ್ಲಿ ಯಾವ ನರ ಎಷ್ಟು ಒತ್ತಿದೆ ಅಂತ ಅದರಿಂದ ಹೇಳಲಾಗದು. ಕೈ ಜೋಮು ಹಿಡಿಯುತ್ತಿದ್ದರೆ ಕತ್ತಿನದೇ ಪೂರ್ತಿ ಸ್ಕ್ಯಾನ್ ಬೇಕು.

ಭಗಂದರಕ್ಕೂ (ಫಿಸ್ಟುಲಾ) ಇದೇ ಮಾತು. ಬರೀ "ಪೆಲ್ವಿಸ್" ಅಂತ ಮಾಡಿಸಿದರೆ ಸಾಲದು. ಗುದನಾಳದ ದಿಕ್ಕಿಗೆ ಹೊಂದಿಸಿ ಓರೆಯಾಗಿ ಸ್ಲೈಸ್ ತೆಗೆದರೆ ಮಾತ್ರ ಕೀವಿನ ದಾರಿ ಯಾವ ಸ್ನಾಯುವನ್ನು ದಾಟಿದೆ ಅಂತ ಸರ್ಜನ್‌ಗೆ ಗೊತ್ತಾಗುವುದು. ಅದು ಗೊತ್ತಿಲ್ಲದೆ ಆಪರೇಷನ್ ಮಾಡಿದರೆ ಕಾಯಿಲೆ ಮರುಕಳಿಸಬಹುದು.

ಎಐ ಮೆಷಿನ್: ಬೇಗ ಮುಗಿದರೆ ಒಳ್ಳೆಯದಾ?

ಈಗ "ಎಐ ಎಂಆರ್‌ಐ, ಹತ್ತೇ ನಿಮಿಷ" ಅನ್ನುವ ಬೋರ್ಡುಗಳೂ ಬಂದಿವೆ. ಜಿಇಯ ಏರ್ ರಿಕಾನ್ ಡಿಎಲ್, ಸೀಮೆನ್ಸ್‌ನ ಡೀಪ್ ರಿಸಾಲ್ವ್, ಫಿಲಿಪ್ಸ್‌ನ ಸ್ಮಾರ್ಟ್‌ಸ್ಪೀಡ್ ಇವೆಲ್ಲ ಆ ಬಗೆಯವು. ಇವು ರೋಗ ಹೇಳುವ ಎಐ ಅಲ್ಲ, ಅಳೆದ ಮಾಹಿತಿಯಿಂದ ನಾಯ್ಸ್ ತೆಗೆದು ಚಿತ್ರ ಕಟ್ಟುವ ಎಐ. ನಿಜವಾಗಿ ಉಪಯೋಗ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಮತ್ತು ಫೇಸ್‌ಬುಕ್ ಸೇರಿ 2018ರಲ್ಲಿ ಶುರುಮಾಡಿದ ಫಾಸ್ಟ್‌ಎಂಆರ್‌ಐ ಯೋಜನೆಯಲ್ಲಿ, ನಾಲ್ಕನೇ ಒಂದು ಭಾಗ ಮಾಹಿತಿಯಿಂದ ಕಟ್ಟಿದ ಮಂಡಿಯ ಚಿತ್ರಗಳು ಮಾಮೂಲಿ ಚಿತ್ರಗಳ ಬದಲಿಗೆ ಬಳಸುವಷ್ಟು ಚೆನ್ನಾಗಿವೆ ಅಂತ 2020ರಲ್ಲಿ ತೋರಿಸಿದರು. ಅದೇ ಯೋಜನೆಯ ಸ್ಪರ್ಧೆಯೊಂದರಲ್ಲಿ, ವೇಗ ಇನ್ನೂ ಹೆಚ್ಚಿಸಿದಾಗ ಕೆಲವು ಎಐಗಳು ಮೆದುಳಿನಲ್ಲಿ ಇಲ್ಲದ ಆಕಾರಗಳನ್ನು ಬರೆದದ್ದೂ ಕಂಡಿತು. ಅಂದರೆ ಮಿತಿಯಲ್ಲಿ ಬಳಸಿದರೆ ವರ, ಎಳೆದಾಡಿದರೆ ಅಪಾಯ. ಅಲುಗಾಡುವ ಮಕ್ಕಳಿಗೆ, ನೋವಿನವರಿಗೆ, ಹೆದರುವವರಿಗೆ ಎಐ ಇರುವ ಮೆಷಿನ್ ಆರಿಸಿ. ಉಳಿದವರು ಅದು ಇದೆ ಅಂತ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ.

ನಿಮ್ಮ ಕೈಯಲ್ಲಿರುವ ನಿಖರತೆ

ಎಷ್ಟೇ ದುಬಾರಿ ಮೆಷಿನ್ ಆದರೂ ಅಲುಗಾಡಿದರೆ ಚಿತ್ರ ಕೆಡುತ್ತದೆ. ನೋವಿನ ಮಾತ್ರೆ ತೆಗೆದುಕೊಳ್ಳಬೇಕಿದ್ದರೆ ಡಾಕ್ಟರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ಮೂತ್ರಕ್ಕೆ ಹೋಗಿ ಬನ್ನಿ. ಹೊಟ್ಟೆಯ ಸ್ಕ್ಯಾನಿನಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬೇಕಾಗುತ್ತದೆ, ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದರೆ ನಮಗೂ ನಿಮಗೂ ಅನುಕೂಲ. ಹಿಡಿಯಲು ಆಗದವರು ಮುಚ್ಚಿಡದೆ ಹೇಳಿ, ಉಸಿರಾಟದ ಲಯಕ್ಕೆ ಹೊಂದಿಸಿ ತೆಗೆಯುವ ಬೇರೆ ವಿಧಾನ ಇದೆ.

ಎಂಆರ್‌ಸಿಪಿಗೆ ನಾಲ್ಕಾರು ಗಂಟೆ ಖಾಲಿ ಹೊಟ್ಟೆ ಬೇಕು. ಇಲ್ಲದಿದ್ದರೆ ಹೊಟ್ಟೆ, ಕರುಳಿನ ನೀರು ಬೆಳ್ಳಗೆ ಹೊಳೆದು ಪಿತ್ತನಾಳವನ್ನು ಮುಚ್ಚಿಬಿಡುತ್ತದೆ. ಕೆಲವು ಕಡೆ ಅನಾನಸ್ ಜ್ಯೂಸ್ ಕುಡಿಸುವುದು ಇದಕ್ಕೇ, ಅದರಲ್ಲಿರುವ ಮ್ಯಾಂಗನೀಸ್ ಆ ಬಿಳುಪನ್ನು ತಗ್ಗಿಸುತ್ತದೆ. ಸ್ತನದ ಎಂಆರ್‌ಐ ಮಾಡಿಸುವವರು, ಮುಟ್ಟು ಇನ್ನೂ ಆಗುತ್ತಿದ್ದರೆ, ಮುಟ್ಟಾದ 7ರಿಂದ 14ನೇ ದಿನದೊಳಗೆ ತಾರೀಕು ಕೇಳಿ. ಬೇರೆ ದಿನಗಳಲ್ಲಿ ಆರೋಗ್ಯವಾದ ಭಾಗವೂ ಕಾಂಟ್ರಾಸ್ಟ್ ಹೀರಿ ಗೊಂದಲ ಮಾಡುತ್ತದೆ. ಕ್ಯಾನ್ಸರಿನ ಅನುಮಾನ ಬಲವಾಗಿದ್ದರೆ ಮಾತ್ರ ಇದಕ್ಕಾಗಿ ಕಾಯಬೇಡಿ.

ಲೋಹದ ವಿಷಯ ಕೇಳಿದಾಗ ಎಲ್ಲರೂ ಸರ, ಬಳೆ, ಓಲೆ ತೆಗೆಯುತ್ತಾರೆ. ಮರೆಯುವುದು ಸೀರೆಯ ಪಿನ್ನು, ಮಾಂಗಲ್ಯದ ಸರಕ್ಕೆ ಸಿಕ್ಕಿಸಿದ ಪಿನ್ನು, ಕಾಲುಂಗುರ, ಸೊಂಟದ ಉಡಿದಾರ, ತೋಳಿನ ತಾಯತ, ಹೇರ್‌ಪಿನ್ನು. ಕಾಡಿಗೆ, ಮಸ್ಕಾರದಲ್ಲೂ ಕಬ್ಬಿಣದ ಅಂಶ ಇರಬಹುದು, ಕಣ್ಣು ಮತ್ತು ಮೆದುಳಿನ ಚಿತ್ರ ಅಲ್ಲೇ ತಿರುಚಿಕೊಳ್ಳುತ್ತದೆ. ಕಾಲುಂಗುರ ಬಿಚ್ಚಲು ಮನಸ್ಸಿಲ್ಲದ ಅಜ್ಜಿಯರಿಗೆ ಮನೆಯವರೇ ಮೊದಲು ತಿಳಿಸಿ ಕರೆದುಕೊಂಡು ಬಂದರೆ ಎಷ್ಟೋ ಉಪಕಾರ.

ಓದುವವರು ಯಾರು

ಮತ್ತೆ ಆ 49 ತೊಂದರೆಗಳ ವಿಷಯಕ್ಕೆ ಬಂದರೆ, ಒಂದು ಕಾರಣ ಓದುವವರ ನಡುವಿನ ವ್ಯತ್ಯಾಸ. ನಿಮಗೆ ಆಯ್ಕೆ ಇದ್ದರೆ ಮೆದುಳಿನ ಚಿತ್ರವನ್ನು ನ್ಯೂರೋ ರೇಡಿಯಾಲಜಿಸ್ಟ್, ಕೀಲಿನ ಚಿತ್ರವನ್ನು ಮೂಳೆ ಕೀಲುಗಳ ರೇಡಿಯಾಲಜಿಸ್ಟ್ ಓದುವ ಸೆಂಟರನ್ನು ಆರಿಸಿ. 3 ಟೆಸ್ಲಾಗೆ ಕೊಡುವ ಹೆಚ್ಚುವರಿ ದುಡ್ಡಿಗಿಂತ ಇದಕ್ಕೆ ಕೊಡುವ ದುಡ್ಡು ಸಾರ್ಥಕ. ಜೊತೆಗೆ ಓದುವವರಿಗೆ ನಿಮ್ಮ ಕಥೆ ಗೊತ್ತಿರಬೇಕು. "ಎಂಆರ್‌ಐ ಎಲ್‌ಎಸ್ ಸ್ಪೈನ್" (ಸೊಂಟದ ಎಂಆರ್‌ಐ) ಅಂತ ಮೂರೇ ಪದ ಬರೆದ ಚೀಟಿ ಅವರಿಗೆ ಏನೂ ಹೇಳುವುದಿಲ್ಲ. ಯಾವ ಕಾಲು, ಎಷ್ಟು ದಿನದಿಂದ, ಎಲ್ಲಿ ಜೋಮು, ಹಿಂದೆ ಆಪರೇಷನ್ ಆಗಿದೆಯಾ, ಕ್ಯಾನ್ಸರ್ ಇತ್ತಾ, ಇಷ್ಟನ್ನು ಡಾಕ್ಟರು ಬರೆಯದಿದ್ದರೆ ನೀವೇ ಒಂದು ಹಾಳೆಯಲ್ಲಿ ಬರೆದು ಟೆಕ್ನಿಷಿಯನ್ ಕೈಗೆ ಕೊಡಿ.

ರಿಪೋರ್ಟಿನಲ್ಲಿ ಬರೆದದ್ದೆಲ್ಲ ಕಾಯಿಲೆ ಅಲ್ಲ ಅನ್ನುವುದನ್ನೂ ನೆನಪಿಡಿ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನುಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, 20 ವರ್ಷದವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು, 80 ವರ್ಷದವರಲ್ಲಿ 84 ಜನರಿಗೆ. ಯಾರಿಗೂ ನೋವಿರಲಿಲ್ಲ. ಹಾಗಾಗಿ "ಡಿಸ್ಕ್ ಬಲ್ಜ್" ಅಂತ ಓದಿ ರಾತ್ರಿಯಿಡೀ ನಿದ್ದೆಗೆಡಬೇಡಿ. ನಿಮ್ಮ ನೋವಿನ ಜಾಗಕ್ಕೂ ಅದಕ್ಕೂ ತಾಳೆ ಆಗುತ್ತದಾ ಅಂತ ಪರೀಕ್ಷೆ ಮಾಡಿದ ಡಾಕ್ಟರನ್ನು ಕೇಳಿ.

ಫಿಲ್ಮ್ ಬೇಕಾ ಸಿಡಿ ಬೇಕಾ ಅಂದರೆ ಸಿಡಿಯೇ, ಅಥವಾ ಡೈಕಾಮ್ (ಸ್ಕ್ಯಾನಿನ ಮೂಲ ಚಿತ್ರಗಳ) ಫೈಲುಗಳ ಲಿಂಕ್. ಫಿಲ್ಮಿನಲ್ಲಿ ಆರಿಸಿದ ಕೆಲವು ಚಿತ್ರ ಮಾತ್ರ ಇರುತ್ತವೆ. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪಿನಲ್ಲಿ ದೊಡ್ಡ ಡಾಕ್ಟರಿಗೆ ಕಳಿಸಿ ಅಭಿಪ್ರಾಯ ಕೇಳಿದರೆ, ಪಾಪ, ಅವರಾದರೂ ಏನು ಹೇಳುತ್ತಾರೆ?

ಗೆಡ್ಡೆಯೋ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ ಇದ್ದು ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಸ್ಕ್ಯಾನ್ ಮಾಡಿಸುವವರಿಗೆ ಮೇಲಿನ ಎಷ್ಟೋ ಮಾತು ಬದಲಾಗುತ್ತದೆ. ಅವರಿಗೆ ಒಳ್ಳೆಯ ಮೆಷಿನ್‌ಗಿಂತ ಅದೇ ಮೆಷಿನ್ ಮುಖ್ಯ. ಹೋದ ಸಲ 1.5ರಲ್ಲಿ 5 ಮಿಲಿಮೀಟರ್ ಸ್ಲೈಸ್, ಈ ಸಲ 3ರಲ್ಲಿ 1 ಮಿಲಿಮೀಟರ್ ಸ್ಲೈಸ್ ಅಂತಾದರೆ, ಹೊಸದಾಗಿ ಕಂಡ ಚುಕ್ಕೆ ಈಗ ಹುಟ್ಟಿದ್ದಾ ಅಥವಾ ಮೊದಲೇ ಇದ್ದು ಈಗ ಕಂಡಿತಾ ಅಂತ ಯಾರೂ ಖಚಿತವಾಗಿ ಹೇಳಲಾರರು. ಅದರ ಮೇಲೆ ಔಷಧಿ ಬದಲಿಸುವ ನಿರ್ಧಾರ ನಿಂತಿರುತ್ತದೆ. ಆದಷ್ಟೂ ಅದೇ ಸೆಂಟರ್, ಅದೇ ಟೆಸ್ಲಾ, ಅದೇ ಪ್ರೋಟೋಕಾಲ್, ಅದೇ ಕಾಂಟ್ರಾಸ್ಟ್ ಇರಲಿ. ಬದಲಿಸಲೇಬೇಕಾದರೆ ಹಳೆಯ ಸಿಡಿಯನ್ನು ಸ್ಕ್ಯಾನಿಗೆ ಮೊದಲೇ ಟೆಕ್ನಿಷಿಯನ್ ಕೈಗೆ ಕೊಡಿ. ಅದನ್ನು ತೆರೆದು ನೋಡಿ, ಹಳೆಯ ಸ್ಲೈಸುಗಳ ಕೋನಕ್ಕೇ ಹೊಸದನ್ನೂ ಹೊಂದಿಸಿ ತೆಗೆಯಲು ಆಗುತ್ತದೆ. ಸ್ಕ್ಯಾನ್ ಮುಗಿದ ಮೇಲೆ ತಂದುಕೊಟ್ಟರೆ ಅದು ಸಾಧ್ಯವಿಲ್ಲ.